ಮಲಗಿ ಎತ್ತುವ ಭಾರ

ಕನ್ನಡನಾಡಿನಲ್ಲಿ ಭಾರವೆತ್ತುವ ಸಾಧನೆಗೆ ದೀರ್ಘವಾದ ಇತಿಹಾಸವಿದೆ. ೧೨ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವನ್ನು ವರ್ಣಿಸುವಾಗ ‘ಭಾರಶ್ರಮ’ವನ್ನು, ಎಂದರೆ ತೂಕದೊಡನೆ ಮಾಡುವ ವ್ಯಾಯಾಮವನ್ನು, ಬೇರೆಯಾಗಿಯೇ ಹೆಸರಿಸಿದ್ದಾನೆ. ಗರಡಿಮನೆಗಳಲ್ಲಿ ಗದೆ ತಿರುಗಿಸುವುದು, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವುದು, ಇವೆಲ್ಲ ಅದೇ ವಿದ್ಯೆಯ ಕವಲುಗಳು. ಇವುಗಳಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಎತ್ತುವವನು ನಿಂತಿರುತ್ತಾನೆ; ಕೈ ಸೋತರೆ ಕಲ್ಲು ನೆಲಕ್ಕೆ ಬೀಳುತ್ತದೆ, ಅವನು ಹಿಂದೆ ಸರಿಯುತ್ತಾನೆ. ಎರಡನೆಯದಾಗಿ, ಅವನು ಒಬ್ಬನೇ ಇರುವುದಿಲ್ಲ. ಗರಡಿಯಲ್ಲಿ ಉಸ್ತಾದರ ಕಣ್ಣು, ಜಾತ್ರೆಯಲ್ಲಿ ಊರವರ ಕಣ್ಣು ಅವನ ಮೇಲೆ ಇದ್ದೇ ಇರುತ್ತದೆ.

ಇಂದು ‘ಬೆಂಚ್ ಪ್ರೆಸ್’ ಎಂದು ಪ್ರಸಿದ್ಧವಾಗಿರುವ ವ್ಯಾಯಾಮ ಈ ಎರಡು ಆಸರೆಗಳನ್ನೂ ಕಳಚಿಬಿಡಬಲ್ಲದು. ಅದರ ಹುಟ್ಟು ಪಶ್ಚಿಮದಲ್ಲಿ. ಅಲ್ಲಿಯೂ ಮೊದಲಿಗೆ ಬೆಂಚು ಇರಲಿಲ್ಲ; ನೆಲದ ಮೇಲೆಯೇ ಅಂಗಾತ ಮಲಗಿ ಭಾರವನ್ನು ಮೇಲಕ್ಕೆ ಒತ್ತುತ್ತಿದ್ದರು. ೧೯ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಎಸ್ಟೋನಿಯಾ ಮೂಲದ ಜಟ್ಟಿ ಜಾರ್ಜ್ ಹ್ಯಾಕನ್‌ಷ್ಮಿಟ್ ಹೀಗೆ ೩೬೧ ಪೌಂಡು, ಸುಮಾರು ೧೬೪ ಕಿಲೋಗ್ರಾಂ, ಎತ್ತಿದ. ೧೯೧೬ರಲ್ಲಿ ಜೋ ನಾರ್ಡ್‌ಕ್ವೆಸ್ಟ್ ಅದನ್ನು ಮೀರಿದ್ದು ಎರಡೇ ಪೌಂಡುಗಳಿಂದ. ಬೆಂಚು ಬಳಕೆಗೆ ಬಂದುದು ತರುವಾಯ. ೧೯೭೨ರಲ್ಲಿ ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್ ಸ್ಥಾಪನೆಯಾಗಿ, ಈ ವ್ಯಾಯಾಮ ಮೂರು ಅಧಿಕೃತ ಸ್ಪರ್ಧೆಗಳಲ್ಲಿ ಒಂದಾಯಿತು. ಪ್ಯಾರಾಲಿಂಪಿಕ್ಸ್‌ನ ಪವರ್‌ಲಿಫ್ಟಿಂಗ್‌ನಲ್ಲಂತೂ ಇರುವುದು ಇದೊಂದೇ. ೨೦೧೨ರ ಲಂಡನ್ ಮತ್ತು ೨೦೧೬ರ ರಿಯೋ ಕೂಟಗಳಲ್ಲಿ ಬೆಂಗಳೂರಿನ ಫರ್ಮಾನ್ ಬಾಷಾ ಭಾರತದ ಪರವಾಗಿ ಇದರಲ್ಲಿ ಸ್ಪರ್ಧಿಸಿದರು.

ವ್ಯಾಯಾಮವು ಗರಡಿಯಿಂದ ಮನೆಯೊಳಕ್ಕೆ ಬಂದ ಕಥೆಯಲ್ಲಿ ನಮ್ಮವರೇ ಆದ ಕೆ. ವಿ. ಅಯ್ಯರ್ ಅವರಿಗೆ ದೊಡ್ಡ ಸ್ಥಾನವಿದೆ. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಇವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು. ಬಾರ್‌ಬೆಲ್ಲನ್ನೂ ಯೋಗಾಸನವನ್ನೂ ಒಂದೇ ಪದ್ಧತಿಯಲ್ಲಿ ಕೂಡಿಸಿದರು. ಅಂಚೆಯ ಮೂಲಕ ದೂರದ ಶಿಷ್ಯರಿಗೂ ಪಾಠ ಕಳುಹಿಸಿದರು. ಮುಖ ಕಾಣದ ಗುರುವಿನಿಂದ ಕಲಿಯುವ ಈ ಕ್ರಮ ಅನೇಕರಿಗೆ ಬಾಗಿಲು ತೆರೆಯಿತು. ಆದರೆ ಸೋತ ಕೈಯಿಂದ ಭಾರವನ್ನು ಇಳಿಸಿಕೊಡುವ ಕೆಲಸವನ್ನು ಯಾವ ಅಂಚೆಯೂ ಮಾಡಲಾರದು.

ಈ ಮಾತು ಶೃಂಗೇರಿ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿ ತೋಟದ ನಡುವಿನ ಒಂಟಿ ಮನೆಗಳೇ ಹೆಚ್ಚು. ಆಷಾಢದ ಮಳೆ ಹಂಚಿನ ಮೇಲೆ ಸುರಿಯುತ್ತಿರುವಾಗ ಒಳಮನೆಯಲ್ಲಿ ಕೂಗಿದರೆ ಜಗುಲಿಗೂ ಕೇಳಿಸದು. ಹುಡುಗನೊಬ್ಬ ಅಂಥ ಮನೆಯಲ್ಲಿ ಬೆಂಚು ಹಾಕಿ ಎದೆಯ ಮೇಲೆ ಕಬ್ಬಿಣವನ್ನು ಇಳಿಸಿಕೊಳ್ಳುವ ಮೊದಲು ಕೆಲವು ವಿಷಯಗಳನ್ನು ತಿಳಿದಿರಬೇಕು.

ಮೊದಲನೆಯದು ನೆಲೆ. ಬೆಂಚು ಹಲಗೆಯ ಅಟ್ಟದ ಮೇಲೆ ಬೇಡ, ಗಟ್ಟಿ ನೆಲದ ಮೇಲಿರಲಿ, ಅಲುಗಾಡದಿರಲಿ. ಸ್ಪರ್ಧೆಯ ನಿಯಮದಂತೆ ಬೆಂಚಿನ ಎತ್ತರ ೪೨ರಿಂದ ೪೫ ಸೆಂಟಿಮೀಟರು, ಅಗಲ ೨೯ರಿಂದ ೩೨. ಈ ಅಳತೆಗೆ ಕಾರಣವಿದೆ: ಪಾದಗಳು ನೆಲದಲ್ಲಿ ಪೂರ್ತಿ ಊರಬೇಕು, ಬೆನ್ನಿಗೆ ಆಧಾರ ಸಿಕ್ಕಬೇಕು, ಹೆಗಲಿನ ಚಲನೆಗೆ ಅಡ್ಡಿಯಾಗಬಾರದು. ಮಲೆನಾಡಿನ ತೇವಕ್ಕೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಸರಳನ್ನು ಆಗಾಗ ಎಣ್ಣೆಯ ಬಟ್ಟೆಯಿಂದ ಒರೆಸಿ, ಹಿಡಿಯುವ ಜಾಗವನ್ನು ಮತ್ತೆ ಒಣಬಟ್ಟೆಯಿಂದ ಒರೆಸಬೇಕು.

ಎರಡನೆಯದು ಭಂಗಿ. ಕಣ್ಣು ಸರಳಿನ ನೇರ ಕೆಳಗೆ ಬರುವಂತೆ ಮಲಗಬೇಕು. ಹೆಗಲ ಹಲಗೆಗಳೆರಡನ್ನೂ ಹಿಂದಕ್ಕೂ ಸೊಂಟದ ಕಡೆಗೂ ಸೆಳೆದು ಬೆಂಚಿಗೆ ಒತ್ತಿದರೆ ಎದೆ ತಾನಾಗಿ ಉಬ್ಬುತ್ತದೆ, ಹೆಗಲಿನ ಕೀಲಿಗೆ ರಕ್ಷಣೆ ದೊರೆಯುತ್ತದೆ. ಹಿಡಿತ ಹೆಗಲಿಗಿಂತ ತುಸು ಅಗಲ. ಹೆಬ್ಬೆರಳು ಸರಳನ್ನು ಸುತ್ತಿಕೊಂಡೇ ಇರಬೇಕು, ಇಲ್ಲವಾದರೆ ಸರಳು ಅಂಗೈಯಿಂದ ಜಾರಿ ಎದೆಗೆ ಬೀಳಬಹುದು. ಮಣಿಕಟ್ಟು ಹಿಂದಕ್ಕೆ ಮಡಿಯದೆ ಮುಂಗೈಯ ನೇರದಲ್ಲಿರಲಿ. ಮೊಳಕೈಗಳು ದೇಹಕ್ಕೆ ಅಡ್ಡವಾಗಿ ಚಾಚಿಕೊಂಡರೆ ಹೆಗಲು ನೋಯುತ್ತದೆ. ಅವನ್ನು ಸ್ವಲ್ಪ ಒಳಕ್ಕೆ ತರಬೇಕು. ಸರಳು ಎದೆಯ ಕೆಳಭಾಗವನ್ನು ಮೆಲ್ಲಗೆ ಮುಟ್ಟಿ, ಮೇಲೇರುವಾಗ ತುಸು ಓರೆಯಾಗಿ ಹೆಗಲಿನ ನೇರಕ್ಕೆ ಮರಳಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಸೋಲಿನ ಸಿದ್ಧತೆ. ಬೆಂಚಿನ ಎರಡೂ ಬದಿಯಲ್ಲಿ ಭಾರವನ್ನು ತಡೆಯುವ ಗಟ್ಟಿಯಾದ ಅಡ್ಡ ಸರಳುಗಳು ಇರಬೇಕು. ಅವು ಉಬ್ಬಿದ ಎದೆಗಿಂತ ತುಸು ಕೆಳಗೆ, ಕುತ್ತಿಗೆಗಿಂತ ಮೇಲೆ ಇದ್ದರೆ ಕೈ ಸೋತರೂ ಜೀವಕ್ಕೆ ಅಪಾಯವಿಲ್ಲ. ಆ ಏರ್ಪಾಡು ಇಲ್ಲದವನು ಹ್ಯಾಕನ್‌ಷ್ಮಿಟ್ಟನಂತೆ ನೆಲದ ಮೇಲೆಯೇ ಮಲಗಿ, ಹಗುರವಾದ ತೂಕದಿಂದ ಅಭ್ಯಾಸ ಮಾಡುವುದು ಲೇಸು. ಮೊಳಕೈಗಳು ನೆಲಕ್ಕೆ ತಾಗಿ ನಿಲ್ಲುವುದರಿಂದ ಭಾರ ಅಷ್ಟು ಆಳಕ್ಕೆ ಇಳಿಯದು. ಸಾಧ್ಯವಾದಾಗಲೆಲ್ಲ ತಲೆಯ ಬಳಿ ಒಬ್ಬರು ನಿಂತಿರಲಿ.

ನಮ್ಮ ತೋಟಗಳಲ್ಲಿ ಕೊನೆಗಾರ ಮರವೇರಿದಾಗ ಕೆಳಗೆ ನೇಣು ಹಿಡಿದು ನಿಲ್ಲುವವನೊಬ್ಬ ಇರುತ್ತಾನೆ. ಅದನ್ನು ಯಾರೂ ಕೊನೆಗಾರನ ಅಳುಕು ಎಂದು ಭಾವಿಸುವುದಿಲ್ಲ. ಅದು ಕಸುಬಿನ ಕ್ರಮ. ಗರಡಿಯ ಹಿರಿಯರು ಪಾಲಿಸಿದುದೂ ಇಂಥದೇ ಕ್ರಮ. ಮನೆಯಲ್ಲಿ ಭಾರವೆತ್ತುವ ತರುಣರು ಕಬ್ಬಿಣವನ್ನು ಕೊಳ್ಳುವಾಗಲೇ ಈ ಕ್ರಮವನ್ನೂ ಮನೆಗೆ ತಂದುಕೊಳ್ಳಬೇಕು.