ಸಹ್ಯಾದ್ರಿಯ ಭೂರಚನೆ ಮತ್ತು ಜಾನಪದ ಆಕರಗಳು: ಒಂದು ಮರುಚಿಂತನೆ

ಪಶ್ಚಿಮ ಕರಾವಳಿಯ ಉತ್ಪತ್ತಿಯನ್ನು ಕುರಿತ ಐತಿಹ್ಯಗಳಲ್ಲಿ ಪರಶುರಾಮನ ಕಥೆ ಅತ್ಯಂತ ಪ್ರಸಿದ್ಧವಾದುದು. ಗೆದ್ದ ಭೂಮಿಯನ್ನೆಲ್ಲ ದಾನಮಾಡಿ ನೆಲೆಯಿಲ್ಲದಂತಾದ ಪರಶುರಾಮನು ಸಹ್ಯಾದ್ರಿಯಿಂದ ಕಡಲಿನತ್ತ ತನ್ನ ಕೊಡಲಿಯನ್ನು ಎಸೆದನೆಂದೂ, ಅದು ಬಿದ್ದಲ್ಲಿಯವರೆಗೆ ಕಡಲು ಹಿಂಜರಿದು ನೆಲವನ್ನು ಬಿಟ್ಟುಕೊಟ್ಟಿತೆಂದೂ ಈ ಕಥೆ ಹೇಳುತ್ತದೆ. ಕೊಂಕಣದ ಪಾಠಗಳಲ್ಲಿ ಕೊಡಲಿಯ ಸ್ಥಾನದಲ್ಲಿ ಬಾಣ ಬರುತ್ತದೆ. ಕೇರಳದ ಪಾಠಗಳಲ್ಲಿ ಗೋಕರ್ಣದಿಂದ ಕನ್ಯಾಕುಮಾರಿಯವರೆಗಿನ ನೆಲವೆಲ್ಲವೂ ಪರಶುರಾಮ ಕ್ಷೇತ್ರವಾಗುತ್ತದೆ. ಕಾಳಿದಾಸನ ‘ರಘುವಂಶ’ದ ನಾಲ್ಕನೆಯ ಸರ್ಗದಲ್ಲಿಯೂ ರಾಮನ ಅಸ್ತ್ರದಿಂದ ಸಮುದ್ರವು ಸಹ್ಯದಿಂದ ದೂರ ಸರಿದ ಪ್ರಸ್ತಾಪವಿರುವುದರಿಂದ, ಈ ಆಶಯಕ್ಕೆ ಕನಿಷ್ಠ ಹದಿನೈದು ಶತಮಾನಗಳ ಇತಿಹಾಸವಿದೆ ಎನ್ನಬಹುದು.

ಈ ಐತಿಹ್ಯವನ್ನು ಭೂವೈಜ್ಞಾನಿಕ ಘಟನೆಯೊಂದರ ಜನಸ್ಮೃತಿಯೆಂದು ವಿವರಿಸುವ ಪರಿಪಾಠ ನಮ್ಮಲ್ಲಿ ಬೆಳೆದುಬಂದಿದೆ. ಕಡಲಿನಿಂದ ನೆಲ ಮೇಲೆದ್ದುದನ್ನು ಪೂರ್ವಿಕರು ಕಂಡಿದ್ದರು, ಅದನ್ನೇ ಪುರಾಣದ ಭಾಷೆಯಲ್ಲಿ ಹೇಳಿದರು ಎಂಬುದು ಈ ವಾದದ ಸಾರ. ಜಾನಪದಕ್ಕೆ ವಿಜ್ಞಾನದ ಮನ್ನಣೆ ದೊರಕಿತೆಂಬ ಸಂತೋಷದಿಂದ ನಾವು ಇದನ್ನು ಪರೀಕ್ಷಿಸದೆ ಒಪ್ಪಿಕೊಂಡಿರುವುದೂ ಉಂಟು. ಸಹ್ಯಾದ್ರಿಯ ರಚನೆಯನ್ನು ಕುರಿತು ಇಂದು ಲಭ್ಯವಿರುವ ತಿಳಿವಳಿಕೆಯ ಬೆಳಕಿನಲ್ಲಿ ಈ ವಾದವನ್ನು ಪರಿಶೀಲಿಸಿ, ಪರ್ವತದ ಬಗೆಗಿನ ಜನಪದ ಜ್ಞಾನವನ್ನು ಎಲ್ಲಿ ಹುಡುಕಬೇಕೆಂಬುದನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಂಡೆಯ ವಯಸ್ಸು, ಬೆಟ್ಟದ ವಯಸ್ಸು

ತಪತೀ ಕಣಿವೆಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಈ ಶ್ರೇಣಿಯನ್ನು ಅರಿಯಲು ಬಂಡೆಯ ವಯಸ್ಸನ್ನೂ ಬೆಟ್ಟದ ವಯಸ್ಸನ್ನೂ ಬೇರೆ ಬೇರೆಯಾಗಿ ನೋಡಬೇಕು. ಕರ್ನಾಟಕದ ಮಲೆನಾಡಿಗೆ ತಳಹದಿಯಾಗಿರುವ ನೈಸ್ ಶಿಲೆಗಳು 300 ಕೋಟಿ ವರ್ಷಗಳಿಗೂ ಹಿಂದಿನವು. ಅವುಗಳ ಮೇಲಿರುವ ಬಾಬಾಬುಡನ್ ಮತ್ತು ಕುದುರೆಮುಖದ ಕಬ್ಬಿಣಯುಕ್ತ ಶಿಲೆಗಳು ಧಾರವಾಡ ಶಿಲಾಸಮೂಹಕ್ಕೆ ಸೇರಿದವು. ಅವೂ 250 ಕೋಟಿ ವರ್ಷಗಳಿಗಿಂತ ಹಳೆಯವು. ಈ ಸಮೂಹವನ್ನು ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಗುರುತಿಸಿ ಹೆಸರಿಸಿದನು. ಬೆಳಗಾವಿಯಿಂದ ಉತ್ತರಕ್ಕೆ ಹೋದಂತೆ ಚಿತ್ರ ಬದಲಾಗುತ್ತದೆ. ಅಲ್ಲಿನ ಬೆಟ್ಟಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಪದರಪದರವಾಗಿ ಹೆಪ್ಪುಗಟ್ಟಿ ಆದ ದಖನ್ ಟ್ರ್ಯಾಪ್‌ಗಳು.

ಇಷ್ಟು ಭಿನ್ನ ವಯಸ್ಸಿನ ಶಿಲೆಗಳನ್ನು ಒಂದೇ ಅಂಚು ಕತ್ತರಿಸಿಕೊಂಡು ಸಾಗಿದೆ ಎಂಬುದು ಗಮನಾರ್ಹ. ಹಿಮಾಲಯದಂತೆ ಎರಡು ಭೂಖಂಡಗಳು ಒತ್ತಿಕೊಂಡು ಮಡಿಕೆಬಿದ್ದುದರಿಂದ ಸಹ್ಯಾದ್ರಿ ಹುಟ್ಟಲಿಲ್ಲ. ಭೂಖಂಡವು ಸೀಳಿ ಬೇರ್ಪಟ್ಟುದರಿಂದ ಅದು ರೂಪುಗೊಂಡಿತು. ಗೊಂಡ್ವಾನ ಭೂಭಾಗ ಒಡೆಯುತ್ತ ಬಂದಂತೆ, ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡತೊಡಗಿತು. ಉಡುಪಿಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳ ಕಂಬದಾಕಾರದ ಜ್ವಾಲಾಮುಖಿ ಶಿಲೆಗಳು ಆ ಬೇರ್ಪಡೆಯ ಕಾಲದ ಪ್ರತ್ಯಕ್ಷ ಸಾಕ್ಷಿ. ಮುಂದೆ ದಖನ್ ಲಾವಾ ಪ್ರವಾಹದ ಆಸುಪಾಸಿನ ಕಾಲದಲ್ಲಿ ಸೆಶೆಲ್ಸ್ ಭಾಗವೂ ಕಳಚಿಕೊಂಡಿತು. ಹೀಗೆ ಸೀಳಿದ ಅಂಚೇ ಪಶ್ಚಿಮ ಕರಾವಳಿಯ ಪೂರ್ವರೂಪ.

ಪಶ್ಚಿಮಕ್ಕೆ ಧುಮುಕುವ ಹೊಳೆಗಳು ಕಡಿದಾದ ಈ ಅಂಚನ್ನು ಕೊರೆಯುತ್ತ ಪೂರ್ವಕ್ಕೆ ಹಿಂದೆ ಸರಿಸಿದವು. ಕೊಚ್ಚಿಹೋದ ಮಣ್ಣು ಕಡಲತಳದಲ್ಲಿ ಹೊರೆಯಾಗಿ ಕುಳಿತಂತೆ, ಹೊರೆ ಇಳಿದ ದೋಣಿ ನೀರಿನಲ್ಲಿ ಮೇಲೇಳುವ ಹಾಗೆ ಒಳನಾಡಿನ ಅಂಚು ಮೇಲೆದ್ದಿತು. ಪ್ರಸ್ಥಭೂಮಿಯು ಪೂರ್ವಕ್ಕೆ ವಾಲಿರುವುದರಿಂದಲೇ ಅರಬ್ಬೀ ಸಮುದ್ರದಿಂದ ನೂರು ಕಿಲೋಮೀಟರ್‌ಗಿಂತ ಕಡಿಮೆ ದೂರದಲ್ಲಿ ಗಂಗಾಮೂಲದಲ್ಲಿ ಹುಟ್ಟುವ ತುಂಗಭದ್ರೆಯರು ಬಂಗಾಳಕೊಲ್ಲಿಯ ದಾರಿ ಹಿಡಿಯುತ್ತಾರೆ. ಪಶ್ಚಿಮಕ್ಕೆ ತಿರುಗಿದ ಶರಾವತಿ ಜೋಗದಲ್ಲಿ 253 ಮೀಟರ್ ಕೆಳಕ್ಕೆ ಬೀಳುತ್ತಾಳೆ. ಈ ಅಂಚಿನ ಇಂದಿನ ಎತ್ತರ ಯಾವ ಕಾಲದ್ದು ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಭೂಖಂಡದ ಒಡೆತದ ಕಾಲದಿಂದಲೇ ಅದು ಎತ್ತರವಾಗಿತ್ತೆಂದು ಕೆಲವರು ವಾದಿಸಿದರೆ, ನಮ್ಮ ನಾಡಿನ ಹಿರಿಯ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರು 1993ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನಿಯೋಜೀನ್ ಕಾಲದ ಉತ್ಥಾನಕ್ಕೆ ಒತ್ತುಕೊಟ್ಟರು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಕಾಲದ ಲೆಕ್ಕ ನಡೆಯುವುದು ಕೋಟಿ ವರ್ಷಗಳಲ್ಲಿ ಅಥವಾ ಹತ್ತಾರು ಲಕ್ಷ ವರ್ಷಗಳಲ್ಲಿ.

ಸ್ಮೃತಿಯ ಮಿತಿ

ದಕ್ಷಿಣ ಭಾರತದಲ್ಲಿ ಕಲ್ಲಿನ ಉಪಕರಣ ಬಳಸಿದ ಆದಿಮಾನವನ ಅತಿ ಪ್ರಾಚೀನ ಕುರುಹುಗಳು ಸುಮಾರು 15 ಲಕ್ಷ ವರ್ಷ ಹಿಂದಿನವು. ನಮ್ಮಂತೆ ಕಥೆ ಹೇಳಬಲ್ಲ ಮಾನವ ಇಲ್ಲಿಗೆ ಬಂದದ್ದು ಅದಕ್ಕಿಂತ ಬಹಳ ಈಚೆಗೆ. ಆದ್ದರಿಂದ ಕರಾವಳಿಯ ಅಂಚು ಸೀಳಿದ್ದನ್ನು ಕಂಡು ನೆನಪಿಟ್ಟುಕೊಂಡವರು ಯಾರೂ ಇರಲು ಸಾಧ್ಯವಿಲ್ಲ. ಮನುಷ್ಯರು ಕಂಡಿರಬಹುದಾದ ದೊಡ್ಡ ಬದಲಾವಣೆಯ ದಿಕ್ಕು ಕಥೆಗೆ ವಿರುದ್ಧವಾದುದು. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ಪರಾಕಾಷ್ಠೆಯಲ್ಲಿದ್ದಾಗ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಮೇಲೆ ಸಾವಿರಾರು ವರ್ಷ ಕಡಲು ನೆಲವನ್ನು ನುಂಗುತ್ತ ಮುಂದೊತ್ತಿ ಬಂದಿತು. ಅನಂತರದ ಕಾಲದಲ್ಲಿ ಅಳಿವೆಗಳಲ್ಲಿ ಹೂಳು ತುಂಬಿ ಅಲ್ಲಲ್ಲಿ ಹೊಸ ನೆಲ ಮೂಡಿರುವುದು ನಿಜ. ಆದರೆ ಅದು ಪರ್ವತದ ಬುಡದಿಂದ ಕಡಲು ಸರಿದ ಘಟನೆಯಾಗುವುದಿಲ್ಲ.

ಹಾಗಾದರೆ ಪರಶುರಾಮನ ಕಥೆ ಯಾವುದರ ದಾಖಲೆ? ಅದು ಭೂಮಿಯ ಒಡೆತನದ ದಾಖಲೆಯೆಂಬುದು ಕಥೆಯ ಉತ್ತರಾರ್ಧದಲ್ಲಿ ಸ್ಪಷ್ಟವಾಗುತ್ತದೆ. ಕಡಲಿನಿಂದ ಪಡೆದ ನೆಲವನ್ನು ಪರಶುರಾಮನು ಬ್ರಾಹ್ಮಣರನ್ನು ಕರೆತಂದು ದಾನಮಾಡುತ್ತಾನೆ. ‘ಸಹ್ಯಾದ್ರಿ ಖಂಡ’, ತುಳುನಾಡಿನ ‘ಗ್ರಾಮಪದ್ಧತಿ’, ಕೇರಳದ ‘ಕೇರಳೋತ್ಪತ್ತಿ’ ಮೊದಲಾದ ಪಠ್ಯಗಳಲ್ಲಿ ಈ ಕಥೆ ವಲಸೆ, ಗ್ರಾಮವಿಂಗಡಣೆ ಮತ್ತು ಹಕ್ಕುಗಳ ಪೀಠಿಕೆಯಾಗಿ ನಿಲ್ಲುತ್ತದೆ. ಕಡಲು ಬಿಟ್ಟುಕೊಟ್ಟ ನೆಲದಲ್ಲಿ ಮೊದಲು ಯಾರೂ ಇರಲಿಲ್ಲವೆಂಬುದು ಕಥೆಯ ಮೌನ ಪ್ರತಿಜ್ಞೆ. ಆದರೆ ಅದೇ ನೆಲದ ಕೊರಗ ಸಮುದಾಯದ ಐತಿಹ್ಯವು ಹುಬಾಶಿಕನೆಂಬ ತಮ್ಮ ಅರಸನು ಅಲ್ಲಿ ಆಳಿದುದನ್ನೂ ಮುಂದೆ ತಮ್ಮವರು ಅಧಿಕಾರ ಕಳೆದುಕೊಂಡುದನ್ನೂ ಹೇಳುತ್ತದೆ. ಪರಶುರಾಮನ ಕಥೆಯನ್ನು ಭೂವಿಜ್ಞಾನದ ಸತ್ಯವೆಂದು ನಾವು ಘೋಷಿಸಿದರೆ, ಒಂದು ಸಮುದಾಯದ ಹಕ್ಕುಪತ್ರಕ್ಕೆ ಪ್ರಕೃತಿಯ ಮೊಹರು ಹಾಕಿದಂತಾಗುತ್ತದೆ. ಇನ್ನೊಂದರ ನೆನಪು ಕಟ್ಟುಕಥೆಯಾಗಿಬಿಡುತ್ತದೆ. ಈ ಅನ್ಯಾಯಕ್ಕೆ ಜಾನಪದ ಸಂಶೋಧನೆ ಸಾಧನವಾಗಬಾರದು.

ಪದಗಳಲ್ಲಿರುವ ಜ್ಞಾನ

ಪರ್ವತದ ಬಗೆಗಿನ ಜನಪದ ಜ್ಞಾನ ನಿಜವಾಗಿ ನೆಲೆಸಿರುವುದು ದಿನಬಳಕೆಯ ಪದಗಳಲ್ಲಿ. ‘ಘಟ್ಟ’ ಎಂಬ ಮಾತನ್ನೇ ನೋಡಬಹುದು. ಅದರ ಅರ್ಥ ಮೆಟ್ಟಿಲು, ಹತ್ತಿ ಇಳಿಯುವ ದಾರಿ ಎಂದು. ಯುರೋಪಿಯನ್ನರು ಈ ಮಾತನ್ನು ಇಡೀ ಶ್ರೇಣಿಯ ಹೆಸರಾಗಿ ಬಳಕೆಗೆ ತಂದರು. ನಮ್ಮ ಜನರ ಮಾತಿನಲ್ಲಿ ಮಾತ್ರ ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂಬ ಎರಡು ಲೋಕಗಳಿವೆ. ಪಾಡ್ದನಗಳ ದೈವಗಳೂ ಘಟ್ಟ ಇಳಿದು ಬರುತ್ತವೆ. ಕೆಳಗಿನಿಂದ ಗೋಡೆಯಂತೆ ಕಾಣುವ ಆಗುಂಬೆ ಮೇಲಿನಿಂದ ಬಂದವನಿಗೆ ನೆಲದ ಅಂಚಾಗಿ ಕಾಣುತ್ತದೆ. ಸಹ್ಯಾದ್ರಿ ಬಹುಪಾಲು ಪ್ರಸ್ಥಭೂಮಿಯ ಮುರಿದ ಅಂಚು ಎಂದು ಭೂವಿಜ್ಞಾನ ಹೇಳುವುದನ್ನು ‘ಘಟ್ಟ’ ಎಂಬ ಎರಡಕ್ಷರ ತನ್ನ ರೀತಿಯಲ್ಲಿ ಹೇಳಿದೆ. ದಖನ್ ಟ್ರ್ಯಾಪ್‌ಗಳ ‘ಟ್ರ್ಯಾಪ್’ ಎಂಬುದಕ್ಕೂ ಸ್ವೀಡಿಷ್ ಮೂಲದಲ್ಲಿ ಮೆಟ್ಟಿಲೆಂದೇ ಅರ್ಥವಿರುವುದು ಸ್ವಾರಸ್ಯಕರ.

ಎರಡನೆಯ ನಿದರ್ಶನ ಕರಾವಳಿಯ ಕೆಂಪುಕಲ್ಲು. ಮುರಕಲ್ಲು, ಜಂಬಿಟ್ಟಿಗೆ, ಚಿರೇಕಲ್ಲು ಎಂದೆಲ್ಲ ಕರೆಯಲಾಗುವ ಈ ಶಿಲೆ, ಮಳೆ ಮತ್ತು ಬಿಸಿಲಿಗೆ ಬಂಡೆಯ ಇತರ ಅಂಶಗಳು ಕರಗಿಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದುದರಿಂದ ಆದದ್ದು. ನೆಲದಲ್ಲಿರುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಇದರ ಗುಣವನ್ನು ಕಲ್ಲು ಕಡಿಯುವವರು ಚೆನ್ನಾಗಿ ಬಲ್ಲರು. 1800–01ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದನ್ನು ಕಂಡು, ಸ್ಥಳೀಯ ನುಡಿಗಳಲ್ಲಿ ಇದಕ್ಕೆ ‘ಇಟ್ಟಿಗೆ ಕಲ್ಲು’ ಎಂಬ ಹೆಸರಿರುವುದನ್ನು ದಾಖಲಿಸಿದನು. 1807ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು ಸೂಚಿಸಿದನು. ಜಗತ್ತಿನ ಭೂವಿಜ್ಞಾನದಲ್ಲಿ ಇಂದು ನೆಲೆನಿಂತಿರುವ ಪಾರಿಭಾಷಿಕ ಪದವೊಂದು ಕಲ್ಲುಕುಟಿಕರ ಮಾತಿಗೆ ಹೀಗೆ ಸಂವಾದಿಯಾಗಿದೆ.

ಮೂರನೆಯದು ಇಂದಿನ ಸಂಕಟಕ್ಕೆ ಸಂಬಂಧಿಸಿದುದು. ಮನೆಯ ಹಿಂಬದಿಯಲ್ಲಿ ಅಥವಾ ದಾರಿಯ ಪಕ್ಕದಲ್ಲಿ ಗೋಡೆಯಂತೆ ನಿಂತ ಮಣ್ಣಿನ ಮಗ್ಗುಲನ್ನು ಮಲೆನಾಡಿನವರು ‘ಧರೆ’ ಎಂದೂ ಕೊಡಗು, ಸುಳ್ಯದ ಕಡೆಯವರು ‘ಬರೆ’ ಎಂದೂ ಕರೆಯುತ್ತಾರೆ. ಗುಡ್ಡ ಕುಸಿಯುವುದು ಬೇರೆ, ಧರೆ ಕುಸಿಯುವುದು ಬೇರೆ ಎಂಬ ವಿವೇಕ ಈ ಮಾತುಗಳಲ್ಲಿದೆ. 2018ರಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಹಾಗೂ ವಯನಾಡಿನಲ್ಲಿ ಸಂಭವಿಸಿದ ಕುಸಿತಗಳು ಜೀವಹಾನಿಯನ್ನುಂಟುಮಾಡಿದವು. ಬಂಡೆ ಎಷ್ಟು ಪ್ರಾಚೀನವಾದರೂ ಅದರ ಮೇಲಿನ ಶಿಥಿಲ ಮಣ್ಣು ಸ್ಥಿರವಲ್ಲ. ಸಹ್ಯಾದ್ರಿಯ ಅಂಚು ಇಂದಿಗೂ ಹಿಂದೆ ಸರಿಯುತ್ತಿದೆ. ಬುಡವನ್ನು ಕಡಿದಲ್ಲಿ ಬೇಗ ಸರಿಯುತ್ತದೆ.

ಪರಶುರಾಮನ ಐತಿಹ್ಯಗಳ ಸಂಗ್ರಹ ನಮ್ಮಲ್ಲಿ ಸಾಕಷ್ಟು ನಡೆದಿದೆ. ಧರೆ, ಬರೆ, ಮುರಕಲ್ಲುಗಳಂತಹ ನೆಲದ ಪದಗಳನ್ನು ಊರೂರು ತಿರುಗಿ, ಬಳಸುವವರ ವಿವರಣೆಯೊಡನೆ ಕೋಶಬದ್ಧಗೊಳಿಸುವ ಕೆಲಸ ಅದೇ ಶ್ರದ್ಧೆಯಿಂದ ನಡೆಯಬೇಕಾಗಿದೆ. ಕಲ್ಲು ಕಡಿಯುವ ಕೈಗಳ ಜಾಗಕ್ಕೆ ಯಂತ್ರಗಳು ಬಂದಿರುವ ಈ ಹೊತ್ತಿನಲ್ಲಿ ಅದನ್ನು ಮುಂದೂಡಲಾಗದು. ಕಥೆಯನ್ನು ಸಮಾಜದ ಇತಿಹಾಸಕ್ಕೂ ಪದವನ್ನು ನೆಲದ ಅರಿವಿಗೂ ಆಕರವಾಗಿ ಬಳಸುವ ವಿವೇಕವಿದ್ದಲ್ಲಿ, ಜಾನಪದ ಮತ್ತು ಭೂವಿಜ್ಞಾನಗಳು ಪರಸ್ಪರ ಗೌರವದಿಂದ ಕೂಡಿ ದುಡಿಯಬಲ್ಲವು.