ಶೆಣೈ ಮನೆತನ ಫಾರಿಯಾ ಆದದ್ದು

ಮಂಗಳೂರು, ಉಡುಪಿ, ಕುಂದಾಪುರ, ಕುಮಟಾ ಮೊದಲಾದ ಕಡೆಗಳಿಂದ ಗೋವೆಗೆ ಕುಲದೇವರ ದರ್ಶನಕ್ಕೆ ಬರುವ ಭಕ್ತಾದಿಗಳು ಸೇವೆಗೆ ಹೆಸರು ಬರೆಸುವಾಗ ಉಪನಾಮವನ್ನೂ ಗೋತ್ರವನ್ನೂ ಹೇಳುತ್ತಾರೆ. ಗೋವೆಯಲ್ಲಿ ಮೂಲ ಊರು ಯಾವುದು ಎಂದು ಕೇಳಿದಾಗ ಮಾತ್ರ ಅನೇಕರು ಮುಖಮುಖ ನೋಡಿಕೊಳ್ಳುವರು. ಪೈ, ಕಾಮತ, ಶೆಣೈ, ಪ್ರಭು, ನಾಯಕ ಎಂಬ ಉಪನಾಮಗಳು ಬೇರೆ ಬೇರೆ ಗೋತ್ರಗಳಲ್ಲಿಯೂ ಬೇರೆ ಬೇರೆ ದೇವರ ಕುಳಾವಿಗಳಲ್ಲಿಯೂ ಇವೆ. ಆದುದರಿಂದ ಉಪನಾಮ ಒಂದರಿಂದಲೇ ಮನೆತನದ ಬೇರು ತಿಳಿಯಲಾರದು. ಒಂದು ಉಪನಾಮವು ಎಷ್ಟು ದೂರ ಹೋಗಬಲ್ಲದು, ಹೇಗೆ ಮರೆಯಾಗಬಲ್ಲದು ಎಂಬುದಕ್ಕೆ ಬಾರ್ದೇಸ್ ತಾಲೂಕಿನ ಕೊಲ್ವಾಳ ಗ್ರಾಮದ ಶೆಣೈ ಮನೆತನವೇ ಸಾಕ್ಷಿ.

ಪೋರ್ಚುಗೀಸರು 1510ರಲ್ಲಿ ತಿಸವಾಡಿಯನ್ನೂ, 1543ರಲ್ಲಿ ಬಾರ್ದೇಸ್ ಮತ್ತು ಸಾಷ್ಟಿಗಳನ್ನೂ ವಶಪಡಿಸಿಕೊಂಡರು. ಅವರ ಆಳ್ವಿಕೆಯಲ್ಲಿ ದೇವಾಲಯಗಳು ನೆಲಸಮವಾದವು. 1560ರಲ್ಲಿ ಇನ್ಕ್ವಿಸಿಷನ್ ಎಂಬ ಮತವಿಚಾರಣೆಯ ನ್ಯಾಯಾಲಯವೂ ಬಂತು. ಅದೇ ವರ್ಷ ಕುಶಸ್ಥಳಿಯ ಶ್ರೀ ಮಂಗೇಶನನ್ನು ಭಕ್ತರು ಹೊಳೆ ದಾಟಿಸಿ ಪ್ರಿಯೋಳಕ್ಕೆ ತಂದರು. ಕೆಳಶಿಯ ಶ್ರೀ ಶಾಂತಾದುರ್ಗೆ ಕವಳೆಗೂ, ವೆರ್ಣೆಯ ಶ್ರೀ ಮಹಾಲಸೆ ಮಾರ್ದೋಳಕ್ಕೂ, ಲೊಟಲಿಯ ಶ್ರೀ ರಾಮನಾಥ ಬಾಂದಿವಡೆಗೂ ಬಂದು ನೆಲೆಸಿದರು. ಇವೆಲ್ಲ ಅಂತ್ರುಜ ಮಹಾಲಿನ, ಅಂದರೆ ಇಂದಿನ ಫೋಂಡಾ ತಾಲೂಕಿನ ಊರುಗಳು. ಆ ಸೀಮೆ ಆಗ ಬಿಜಾಪುರದ ಆದಿಲಶಾಹಿಗೆ ಸೇರಿತ್ತು. ಮುಂದೆ ಸೋಂದೆಯ ಅರಸರ ಕೈಗೆ ಬಂದು, 1763ರಲ್ಲಿ ಪೋರ್ಚುಗೀಸರ ಪಾಲಾಯಿತು.

ದೇವರು ಊರು ಬಿಟ್ಟ ಮೇಲೆ ಭಕ್ತರ ಮುಂದೆ ಮೂರು ದಾರಿಗಳಿದ್ದವು. ಕೆಲವರು ದೇವರ ಹಿಂದೆ ಅಂತ್ರುಜಕ್ಕೆ ಹೋದರು. ಕೆಲವರು ಇನ್ನೂ ದಕ್ಷಿಣಕ್ಕೆ ನಡೆದು ಕಾರವಾರ, ಭಟ್ಕಳ, ಮಂಗಳೂರು, ಕೊಚ್ಚಿಯವರೆಗೂ ಚದುರಿದರು. ಹೊಲ ಮನೆ ಬಿಟ್ಟು ಹೊರಡಲಾಗದವರು ಊರಿನಲ್ಲಿಯೇ ಉಳಿದು ಹೊಸ ಮತವನ್ನು ಸ್ವೀಕರಿಸಿದರು. ಒಂದೇ ಮನೆಯ ಅಣ್ಣ ಒಂದು ದಾರಿ, ತಮ್ಮ ಇನ್ನೊಂದು ದಾರಿ ಹಿಡಿದದ್ದೂ ಉಂಟು.

ಕೊಲ್ವಾಳದಲ್ಲಿ ಅನಂತ ಶೆಣೈ ಎಂಬ ಸಾರಸ್ವತ ಗೃಹಸ್ಥರಿದ್ದರು. ಊರಿನ ಲೆಕ್ಕಪತ್ರದ ಕೆಲಸ ಅವರದಾಗಿತ್ತು. ಹದಿನಾರನೆಯ ಶತಮಾನದಲ್ಲಿ ಅವರು ಕ್ರೈಸ್ತರಾದರು. ದೀಕ್ಷಾಸ್ನಾನದ ಸಮಯದಲ್ಲಿ ಜ್ಞಾನಪಿತನ ಇಲ್ಲವೇ ದೀಕ್ಷೆ ಕೊಟ್ಟ ಪಾದ್ರಿಯ ಉಪನಾಮವನ್ನು ಇಟ್ಟುಕೊಳ್ಳುವುದು ಅಂದಿನ ರೂಢಿ. ಗೋವೆಯಲ್ಲಿ ಡಿಸೋಜಾ, ಪಿಂಟೊ, ಫೆರ್ನಾಂಡಿಸ್ ಎಂಬ ಹೆಸರುಗಳು ತುಂಬಿದ್ದು ಹೀಗೆಯೇ. ಶೆಣೈ ಮನೆತನವು ಮುಂದಕ್ಕೆ ಫಾರಿಯಾ ಎಂದಾಯಿತು.

ಈ ವಂಶದಲ್ಲಿ ಕಾಯತಾನ್ ವಿತೊರಿನೊ ಫಾರಿಯಾ ಎಂಬವರಿದ್ದರು. ಅವರ ಮಗ ಜೋಸೆ ಕುಸ್ತೋದಿಯೊ ಫಾರಿಯಾ 1756ರ ಮೇ 31ರಂದು ತಾಯಿಯ ಊರಾದ ಕಾಂದೋಳಿಯಲ್ಲಿ ಜನಿಸಿದರು. ಮುಂದೆ ತಂದೆತಾಯಿ ಸಮ್ಮತಿಯಿಂದ ಬೇರೆಯಾದರು. ತಂದೆ ಪಾದ್ರಿಯಾದರು, ತಾಯಿ ಸನ್ಯಾಸಿನಿಯರ ಮಠ ಸೇರಿದರು. 1771ರಲ್ಲಿ ಮಗನೊಡನೆ ತಂದೆ ಲಿಸ್ಬನ್ನಿಗೆ ಹಡಗು ಹತ್ತಿದರು. ಮಗ ರೋಮಿನಲ್ಲಿ ಓದಿ 1780ರಲ್ಲಿ ಪಾದ್ರಿಯಾದರು.

ಮತ ಬದಲಾದರೂ ಗೋವೆಯವರಿಗೆ ಸಮಾನ ಸ್ಥಾನ ಸಿಗಲಿಲ್ಲ. ಚರ್ಚಿನ ದೊಡ್ಡ ಹುದ್ದೆಗಳು ಬಿಳಿಯರಿಗೇ ಮೀಸಲಾಗಿದ್ದವು. ಇದನ್ನು ಸಹಿಸಲಾರದೆ 1787ರಲ್ಲಿ ಕಾಂದೋಳಿಯ ಪಿಂಟೊ ಮನೆತನದವರೂ ಇತರರೂ ಪೋರ್ಚುಗೀಸ್ ಆಳ್ವಿಕೆಯನ್ನು ಕಿತ್ತೊಗೆಯಲು ಸಂಚು ಹೂಡಿದರು. ಸಂಚು ಬಯಲಾಗಿ 15 ಮಂದಿ ಮರಣದಂಡನೆಗೆ ಗುರಿಯಾದರು. ಫಾರಿಯಾ ತಂದೆಮಕ್ಕಳ ಮೇಲೂ ಸಂಶಯ ಬಿತ್ತು. ಮಗ 1788ರಲ್ಲಿ ಪ್ಯಾರಿಸ್ ಸೇರಿದರು.

ಅಲ್ಲಿ ಅವರು ಸಂಮೋಹನ ವಿದ್ಯೆಯಲ್ಲಿ ಹೆಸರು ಗಳಿಸಿದರು. ಸಂಮೋಹನ ಮಾಡುವವನ ಮೈಯಿಂದ ಒಂದು ಕಾಂತಶಕ್ತಿ ಹರಿಯುತ್ತದೆಂದು ಆಗಿನ ಜನ ನಂಬಿದ್ದರು. ಹಾಗಲ್ಲ, ಆ ನಿದ್ರೆಯ ಕಾರಣ ನಿದ್ರಿಸುವವನ ಮನಸ್ಸಿನೊಳಗೇ ಇದೆ ಎಂದು ಫಾರಿಯಾ 1813ರಿಂದ ಜನರ ಮುಂದೆ ಪ್ರಯೋಗ ಮಾಡಿ ತೋರಿಸಿದರು. ಇಂದಿನ ವೈದ್ಯಶಾಸ್ತ್ರವೂ ಆ ಮಾರ್ಗವನ್ನೇ ಒಪ್ಪಿದೆ. 1819ರ ಸೆಪ್ಟೆಂಬರ್ 20ರಂದು ಅವರು ಪ್ಯಾರಿಸ್ಸಿನಲ್ಲಿಯೇ ತೀರಿಕೊಂಡರು. ಅದೇ ವರ್ಷ ಅವರ ಫ್ರೆಂಚ್ ಗ್ರಂಥ ಅಚ್ಚಾಯಿತು.

ಇಲ್ಲಿ ಭಕ್ತಾದಿಗಳು ಗಮನಿಸಬೇಕಾದ ಸಂಗತಿ ಒಂದಿದೆ. ಆ ಗ್ರಂಥದ ಮುಖಪುಟದಲ್ಲಿ ಫಾರಿಯಾ ತಮ್ಮ ಹೆಸರಿನ ಜೊತೆಗೆ ತಾವು ಬ್ರಾಹ್ಮಣರೆಂದು ಅಚ್ಚು ಹಾಕಿಸಿದ್ದಾರೆ. ಶೆಣೈ ಎಂಬ ಉಪನಾಮ ಹೋಗಿ ಎರಡು ಶತಮಾನಗಳು ದಾಟಿದ್ದವು. ಮತ, ಭಾಷೆ, ದೇಶ ಎಲ್ಲವೂ ಬೇರೆಯಾಗಿದ್ದವು. ಆದರೂ ತಮ್ಮ ಹಿರಿಯರು ಯಾರೆಂಬ ಅರಿವು ಆ ಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದಿತ್ತು. 1945ರಲ್ಲಿ ಪಣಜಿಯಲ್ಲಿ ಅವರ ಪ್ರತಿಮೆ ನಿಂತಿತು. ಅದನ್ನು ನಿರ್ಮಿಸಿದ ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತರು. ಕೊಂಕಣಿಯಲ್ಲಿ 1941ರಲ್ಲಿ ಅವರ ಕುರಿತು ಪುಸ್ತಕ ಬರೆದವರು ವಾಮನ ರಘುನಾಥ ವರ್ದೆ ವಾಲಾವಲಿಕರ. ಇವರು ಪ್ರಸಿದ್ಧರಾದದ್ದು ಶೆಣೈ ಗೋಂಯಬಾಬ ಎಂಬ ಹೆಸರಿನಿಂದ. ಶೆಣೈ ಎಂಬ ಹೆಸರು ಕಳೆದುಕೊಂಡವರ ಚರಿತ್ರೆಯನ್ನು ಶೆಣೈ ಎಂಬ ಹೆಸರು ಧರಿಸಿದವರು ಬರೆದದ್ದು ದೈವಯೋಗವೇ ಸರಿ.

ದಕ್ಷಿಣಕ್ಕೆ ಹೋದವರ ಉಪನಾಮಗಳೂ ಹಾಗೆಯೇ ಉಳಿಯಲಿಲ್ಲ. ಗ್ರಾಮಲೆಕ್ಕ ಬರೆದವರು ಶಾನಭಾಗರಾದರು. ಕೆಲವರು ಹೊಸದಾಗಿ ನೆಲೆಸಿದ ಊರಿನ ಹೆಸರನ್ನೇ ಮುಂದಿಟ್ಟುಕೊಂಡರು. 1906ರಲ್ಲಿ ಕೆನರಾ ಬ್ಯಾಂಕನ್ನು ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈಗಳ ಹೆಸರಿನಲ್ಲಿರುವುದು ದಕ್ಷಿಣ ಕನ್ನಡದ ಊರು. ಆದರೆ ಕುಲದೇವರ ಹೆಸರನ್ನು ಯಾರೂ ಬಿಡಲಿಲ್ಲ. ಕನ್ನಡದ ಮಕ್ಕಳಿಗೆ ಪದ್ಯ ಬರೆದುಕೊಟ್ಟ ಪಂಜೆ ಮಂಗೇಶರಾಯರ ಹೆಸರಿನಲ್ಲಿಯೇ ಗೋವೆಯ ಮಂಗೇಶನಿದ್ದಾನೆ.

ಉಳಿದವರಲ್ಲಿಯೂ ಸಂಬಂಧ ಪೂರ್ತಿ ಕಡಿಯಲಿಲ್ಲ. ಕುಂಕಳ್ಳಿಯಿಂದ ಫಾತರ್ಪೆಗೆ ಹೋದ ಶ್ರೀ ಶಾಂತಾದುರ್ಗಾ ಕುಂಕಳ್ಳಿಕರೀಣ ದೇವಿಯು ವರ್ಷಕ್ಕೊಮ್ಮೆ ಮೂಲ ಊರಿಗೆ ಮೆರವಣಿಗೆಯಲ್ಲಿ ಬರುವಾಗ, ಊರಿನ ಹನ್ನೆರಡು ವಾಂಗಡಗಳ, ಎಂದರೆ ಮೂಲ ಮನೆತನಗಳ, ಹನ್ನೆರಡು ಛತ್ರಗಳು ಹೊರಡುತ್ತವೆ. ಅದೇ ವಾಂಗಡಗಳ ಕ್ರೈಸ್ತ ಕುಟುಂಬದವರೂ ಅದರಲ್ಲಿ ಸೇರುತ್ತಾರೆ. ಉಪನಾಮ ಬೇರೆ, ಛತ್ರ ಒಂದೇ.

ಹಿರಿಯರ ಬಾಯಲ್ಲಿ ಉಳಿದದ್ದು ಅವರೊಡನೆಯೇ ಹೋಗಿಬಿಡುವ ಕಾಲವಿದು. ಮಕ್ಕಳು ಬೆಂಗಳೂರು, ಮುಂಬಯಿ, ದುಬೈ, ಅಮೆರಿಕ ಎಂದು ಚದುರಿದ್ದಾರೆ. ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಉಪನಾಮ, ಗೋತ್ರ, ಕುಲದೇವರು, ಗೋವೆಯ ಮೂಲ ಊರು, ಅಲ್ಲಿಂದ ಬಂದು ನೆಲೆಸಿದ ಊರು ಈ ಐದನ್ನು ಒಂದು ಪುಸ್ತಕದಲ್ಲಿ ಬರೆದು ದೇವರ ಕೋಣೆಯಲ್ಲಿಡುವುದು ಉಚಿತ. ಲೇಖಣಿ ಹಿಡಿಯಲು ಹತ್ತು ನಿಮಿಷ ಸಾಕು. ಮರೆತದ್ದನ್ನು ಹುಡುಕಲು ಮೂರು ತಲೆಮಾರು ಸಾಲದು. ಶ್ರೀ ದೇವರು ಎಲ್ಲ ಕುಳಾವಿಗಳಿಗೂ, ದೂರವಾದ ದಾಯಾದಿಗಳಿಗೂ ಸನ್ಮಂಗಳವನ್ನು ಉಂಟುಮಾಡಲಿ.