ನೋಟಿಸನ್ನೇ ಪ್ರಶ್ನಿಸುವ ಹಕ್ಕು: ಮಣಿಕೊಂಡದಿಂದ ಒಂದು ನೋಟ

ಹೈದರಾಬಾದಿನ ಮಣಿಕೊಂಡದಲ್ಲಿ ಸಾಲ ತೀರಿಸಲಾಗದೆ ಕೈಯೆತ್ತಿದವನನ್ನು ತೆಲುಗಿನವರು ‘ಐ.ಪಿ. ಪೆಟ್ಟಾಡು’ ಎನ್ನುತ್ತಾರೆ. ಐ.ಪಿ. ಎಂದರೆ ಇನ್‌ಸಾಲ್ವೆನ್ಸಿ ಪಿಟಿಷನ್. ನಮ್ಮ ಕಡೆ ಅದಕ್ಕೆ ‘ಪಾಪರ್ ಚೀಟಿ’. ಎರಡು ಮಾತಿನಲ್ಲೂ ಕೋರ್ಟಿನ ಮೆಟ್ಟಿಲು ಹತ್ತುವವನು ಸಾಲಗಾರನೇ. ಸಾಲ ಕೊಟ್ಟವನೇ ಮೊದಲು ನೋಟಿಸು ಕಳಿಸಿದರೆ? ಆ ನೋಟಿಸನ್ನೇ ಪ್ರಶ್ನಿಸುವ ಹಕ್ಕು ನಮ್ಮಲ್ಲಿ ಕುಗ್ಗಿದೆ ಎಂಬುದು ಈ ಲೇಖನದ ವಾದ.

ಹೋಲಿಕೆಗೆ ಆಸ್ಟ್ರೇಲಿಯಾದ 1966ರ ದಿವಾಳಿ ಕಾಯ್ದೆಯನ್ನು ನೋಡಬಹುದು. ಅಲ್ಲಿ ದಿವಾಳಿ ನೋಟಿಸು ಹೊರಡಲು ಅಂತಿಮ ತೀರ್ಪೊಂದು ಕೈಯಲ್ಲಿರಬೇಕು. 2021ರಿಂದ ಕನಿಷ್ಠ ಮೊತ್ತ 10,000 ಡಾಲರ್. ಸಾಲಗಾರನಿಗೆ ಸಾಮಾನ್ಯವಾಗಿ 21 ದಿನಗಳ ಗಡುವು. ಅಷ್ಟರೊಳಗೆ ಆತ ನೋಟಿಸು ರದ್ದತಿಗೆ ಅರ್ಜಿ ಹಾಕಬಹುದು. ಮೂಲ ದಾವೆಯಲ್ಲಿ ಎತ್ತಲಾಗದ, ಸಾಲಕ್ಕೆ ಸಮನಾದ ಪ್ರತಿಹಕ್ಕು ತನಗಿದೆ ಎನ್ನಬಹುದು. ನೋಟಿಸು ದಾಟಿ ಸಾಲ ಕೊಟ್ಟವನ ದಿವಾಳಿ ಅರ್ಜಿಯ ಹಂತಕ್ಕೆ ಬಂದರೂ ಬಾಗಿಲು ಮುಚ್ಚುವುದಿಲ್ಲ. ಕಂಪನಿಯ ಸಾಲಕ್ಕೆ ಜಾಮೀನು ನಿಂತಿದ್ದ ಕಾಂಪ್ಟನ್ ಅವರ ಪ್ರಕರಣದಲ್ಲಿ, ಸಾಲ ನಿಜವೇ ಎಂದು ತೀರ್ಪಿನ ಹಿಂದೆ ಹೋಗಿ ನೋಡಬಹುದೆಂದು ಅಲ್ಲಿನ ಹೈಕೋರ್ಟ್ 2017ರಲ್ಲಿ ಹೇಳಿತು.

ಇದು ನಮಗೆ ಹೊಸದಲ್ಲ. 1909 ಮತ್ತು 1920ರ ದಿವಾಳಿ ಕಾಯ್ದೆಗಳಿಗೆ 1978ರಲ್ಲಿ ಆದ ತಿದ್ದುಪಡಿ ಇಂಥದೇ ವ್ಯವಸ್ಥೆ ತಂದಿತ್ತು: ಅಂತಿಮ ಡಿಕ್ರಿ, ಕನಿಷ್ಠ ಒಂದು ತಿಂಗಳ ಗಡುವು, ರದ್ದತಿಗೆ ಅರ್ಜಿ. ಋಣಪರಿಹಾರ ಕಾನೂನುಗಳ ರಕ್ಷೆಯೂ ರದ್ದತಿಗೆ ಕಾರಣವಾಗಬಹುದಿತ್ತು. ಇದು ಅಪ್ಪಟ ಭಾರತೀಯ ಸೇರ್ಪಡೆ ಎಂದು ನನ್ನ ಅನಿಸಿಕೆ. ಪಂಚಾಯ್ತಿ ತೀರ್ಪು, ಅಂದರೆ ಆರ್ಬಿಟ್ರೇಷನ್ ಅವಾರ್ಡು, ಇಂಥ ನೋಟಿಸಿಗೆ ಸಾಲದು ಎಂದು 2006ರಲ್ಲಿ ಪರಮ್‌ಜೀತ್ ಸಿಂಗ್ ಪಾಥೇಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

2016ರ ದಿವಾಳಿ ಸಂಹಿತೆ ಕಂಪನಿಗಳ ಜಾಮೀನುದಾರರಿಗೆ ಅನ್ವಯವಾದದ್ದು 2019ರ ಡಿಸೆಂಬರ್ 1ರಂದು. ಮಣಿಕೊಂಡದಲ್ಲಿರುವ ಕನ್ನಡಿಗರೊಬ್ಬರು ಪೀಣ್ಯದ ತಮ್ಮ ಕಾರ್ಖಾನೆಯ ಸಾಲಕ್ಕೆ ರುಜು ಹಾಕಿದ್ದಾರೆಂದು ಇಟ್ಟುಕೊಳ್ಳಿ. ಡಿಕ್ರಿ ಇಲ್ಲದೆಯೂ ಬ್ಯಾಂಕು ತಗಾದೆ ನೋಟಿಸು ಕೊಡಬಹುದು. ಗಡುವು 14 ದಿನ. 78ನೇ ಕಲಮಿನಲ್ಲಿ ಬರೆದ ಕನಿಷ್ಠ ಸುಸ್ತಿ ಒಂದು ಸಾವಿರ ರೂಪಾಯಿ. ಸರ್ಕಾರ ಅದನ್ನು ಒಂದು ಲಕ್ಷದವರೆಗೆ ಏರಿಸಬಹುದು. ಕಂಪನಿಯ ನೋಂದಾಯಿತ ಕಚೇರಿ ಬೆಂಗಳೂರಿನಲ್ಲಿದ್ದರೆ ಮನೆ ಪಕ್ಕದ ಹೈದರಾಬಾದ್ ಪೀಠ ಬಿಟ್ಟು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೇ ಅಲೆಯಬೇಕು. ನೋಟಿಸಿಗೆ ಉತ್ತರ ಬರೆಯಬಹುದು, ಅದನ್ನು ರದ್ದು ಮಾಡಿಸುವ ಕಲಮಿಲ್ಲ. ಬ್ಯಾಂಕಿನ ದಿವಾಳಿ ಅರ್ಜಿಯನ್ನು ಪರಿಶೀಲಿಸುವ ಪರಿಹಾರ ವೃತ್ತಿಪರರ ವರದಿ ಬಂದು 100ನೇ ಕಲಮಿನ ಹಂತ ತಲುಪಿದ ಮೇಲಷ್ಟೇ ನ್ಯಾಯನಿರ್ಣಯ ಎಂದು 2023ರ ನವೆಂಬರ್ 9ರಂದು ಸುಪ್ರೀಂ ಕೋರ್ಟಿನ ದಿಲೀಪ್ ಜೀವರಾಜ್ಕಾ ತೀರ್ಪು ಸ್ಪಷ್ಟಪಡಿಸಿತು. ಅಲ್ಲಿಯವರೆಗೆ ಸಾಲ ವಸೂಲಿಗೆ ಬೀಳುವ ತಾತ್ಕಾಲಿಕ ತಡೆ ಸಾಲಗಾರನಿಗೂ ನೆರಳೇ, ಒಪ್ಪುತ್ತೇನೆ. ಆದರೆ ಆ ಸಾಲವೇ ತನ್ನದಲ್ಲ ಎನ್ನುವವನಿಗೆ ಅದು ಬೇಡದ ನೆರಳು.

1978ರಲ್ಲಿ ಕೊಟ್ಟಿದ್ದ ರದ್ದತಿ ಅರ್ಜಿಯನ್ನು ಸಾಲ ಕೊಟ್ಟವನ ಅರ್ಜಿಗೆ ಸಂಬಂಧಿಸಿದ ಸಂಹಿತೆಯ 95ನೇ ಕಲಮಿಗೆ ಸೇರಿಸಲು ಒಂದು ತಿದ್ದುಪಡಿ ಸಾಕು. ಸಂಸತ್ತು ಅದನ್ನು ತರಬೇಕು.